ಬಯಲು ದಾರಿಗೆ ಹತ್ತೊಂಬತ್ತು ಗಂಟೆ

"ಯಾವ ದಾರಿ ಹಿಡಿದ್ರೆ ಅವಳು ಸಿಗ್ತಾಳೆ?"

ಅಮ್ಮ ಇದನ್ನು ಯಾರನ್ನೂ ಕೇಳಲಿಲ್ಲ. ಫೋನು ಇನ್ನೂ ಅವಳ ಕಿವಿಯಲ್ಲೇ ಇತ್ತು. ಆ ಕಡೆ ಚಿಕ್ಕಪ್ಪ ಇಟ್ಟು ಆಗಿತ್ತು. ಅಡುಗೆಮನೆಯ ಕಿಟಕಿಗೆ ಹಬೆ ಕಟ್ಟಿತ್ತು. ಅದರಾಚೆ ಹಿತ್ತಲ ನಲ್ಲಿಯಲ್ಲಿ ನೀರು ಹೆಪ್ಪುಗಟ್ಟಿ ಬೆರಳಿನ ಹಾಗೆ ಇಳಿಬಿದ್ದಿತ್ತು. ಅಮ್ಮ ಕೇಳಿದ್ದು ಆ ಗಾಜನ್ನು.

ಅವಳ ಒಡಹುಟ್ಟಿದವಳು ಚಿಕ್ಕಮ್ಮ ಒಬ್ಬಳೇ. ಬೆಟ್ಟದಾಚೆಯ ಆಸ್ಪತ್ರೆಯಲ್ಲಿ ಮಲಗಿ ಮೂರು ವಾರವಾಗಿತ್ತು. ಬರಬೇಕಾದವರನ್ನು ಕರೆಸಿಬಿಡಿ, ನಾಳೆ ಬೆಳಗಿನ ತನಕ ಹೇಗೋ, ಆಮೇಲಿನದು ನಾನು ಹೇಳಲಾರೆ ಎಂದು ಡಾಕ್ಟರು ಆ ದಿನ ಬೆಳಿಗ್ಗೆ ಹೇಳಿದ್ದರು. ಆ ಊರಿಗೆ ರೈಲಿಲ್ಲ. ಹಿಮ ಬಿದ್ದ ಮೊದಲ ದಿನವೇ ಬಸ್ಸು ನಿಲ್ಲಿಸಿದ್ದರು. ಉಳಿದದ್ದು ನಮ್ಮ ಹಳೆಯ ಕಾರು.

ದಾರಿ ಎರಡಿದ್ದವು. ಬೆಟ್ಟ ಹತ್ತಿ ಇಳಿದರೆ ಹತ್ತು ಗಂಟೆ. ಬೆಟ್ಟವನ್ನು ಬಳಸಿ ಬಯಲಿನಲ್ಲೇ ಹೋದರೆ ಹತ್ತೊಂಬತ್ತು. ಆಗ ಮಧ್ಯಾಹ್ನ ಹನ್ನೆರಡೂವರೆ.

"ಇದರಲ್ಲಿ ಯೋಚನೆ ಮಾಡೋದೇನಿದೆ?" ಎಂದರು ಅಪ್ಪ. ಮೇಜಿನ ತುದಿಯ ಕುರ್ಚಿಯಲ್ಲಿ ಕೂತು ಬೂಟಿನ ಲೇಸು ಕಟ್ಟುತ್ತಿದ್ದರು. "ಬೆಟ್ಟದ ದಾರಿ. ನಾನು ಓಡಿಸ್ತೀನಿ. ಮೂವತ್ತೊಂದು ವರ್ಷ ಅಲ್ಲಿ ಬಸ್ಸು ಓಡಿಸಿದವನು, ಒಂದು ಕೋಳಿಗೂ ಗಾಯ ಮಾಡಿಲ್ಲ."

"ಆ ಚಳಿಗೆ ಕೋಳಿ ರಸ್ತೆಗೆ ಬಂದ್ರಲ್ವೇ?" ಎಂದಳು ಅಮ್ಮ. ಅಭ್ಯಾಸಬಲದಿಂದ ಬಂದ ಮಾತು. ಮುಖದಲ್ಲಿ ನಗು ಇರಲಿಲ್ಲ.

ದಾರಿ ಆರಿಸುವುದೆಂದರೆ ನಮ್ಮಲ್ಲಿ ಚಾಲಕರನ್ನು ಆರಿಸುವುದೇ ಆಗಿತ್ತು. ನಾನು ಲ್ಯಾಬಿನವಳು; ದಿನವೂ ಬೆಳಿಗ್ಗೆ ಇದೇ ಕಾರಿನಲ್ಲಿ ಮನೆಮನೆಗೆ ಹೋಗಿ ರೋಗಿಗಳ ರಕ್ತ ತೆಗೆದು ತರುತ್ತೇನೆ. ಪೇಟೆಯ ಓಣಿಗಳು ಅಂಗೈಯಷ್ಟು ಗೊತ್ತು. ಬಯಲಿನ ಹೆದ್ದಾರಿಯನ್ನೂ ಹೇಗೋ ನಿಭಾಯಿಸಬಲ್ಲೆ. ಮಂಜುಗಡ್ಡೆಯ ಮೇಲೆ ಮಾತ್ರ ನನ್ನ ಕೈ ನಡೆಯದು. ಹೋದ ಚಳಿಗಾಲ ಬ್ರೇಕು ಒತ್ತಿದ ಕಾರು ನನ್ನ ಮಾತು ಕೇಳದೆ ಜಾರಿಕೊಂಡು ಹೋಗಿ ನಮ್ಮದೇ ಗೇಟಿನ ಕಂಬಕ್ಕೆ ಗುದ್ದಿತ್ತು. ನನ್ನ ಗಂಡನಿಗೆ ಹಡಗಿನಲ್ಲಿ ಕೆಲಸ, ಅವನು ಬರಲು ಇನ್ನೆರಡು ತಿಂಗಳಿತ್ತು. ಆರು ವರ್ಷದ ಪುಟ್ಟಿಯನ್ನು ಬಿಟ್ಟುಹೋಗಲು ಯಾರೂ ಇರಲಿಲ್ಲ, ಅವಳೂ ಬರಬೇಕು.

ಅಪ್ಪನಿಗೆ ಬೆಟ್ಟದ ದಾರಿ ಬಾಯಿಪಾಠ. ಇದು ಬರೀ ಮಾತಿಗೆ ಹೇಳುವುದಲ್ಲ. ಕೆಲಸಕ್ಕೆ ಸೇರಿದ ವರ್ಷ ನಲವತ್ತೆರಡು ತಿರುವುಗಳನ್ನೂ ಅವರು ಪದ ಕಟ್ಟಿ ಇಟ್ಟುಕೊಂಡಿದ್ದರು. ನನ್ನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಹೇಳುತ್ತಿದ್ದುದೂ ಅದನ್ನೇ:

ಮೊದಲ ತಿರುವಿಗೆ ಮೂಗಿನ ಬಂಡೆ, ಎರಡಕೆ ತೊರೆಯ ಹಾಡು,
ಮೂರಕೆ ಮುರಿದ ಗೋಡೆಯ ಹಾಸು, ನಾಕಕೆ ನಿಂತು ನೋಡು.

ಹಾಗೆ ನಮ್ಮ ಮನೆಯಲ್ಲಿ ಎಲ್ಲಕ್ಕೂ ಒಂದು ಪಠಣವಿತ್ತು. ಅಪ್ಪ ಕಾರು ಓಡಿಸುವಾಗ ಪಕ್ಕದಲ್ಲಿ ಕೂತ ಅಮ್ಮ ಸಣ್ಣ ದನಿಯಲ್ಲಿ ತುಟಿ ಅಲುಗಿಸುತ್ತಲೇ ಇರುತ್ತಿದ್ದಳು. ಎರಡು ವರ್ಷದಿಂದ ಶುರುವಾದದ್ದು. ವಯಸ್ಸಾಯಿತು, ಕಾರು ಹತ್ತಿದೊಡನೆ ದೇವರ ಸ್ಮರಣೆ ಮಾಡುತ್ತಾಳೆ ಎಂದುಕೊಂಡು ನಾನು ಹಿಂದಿನ ಸೀಟಿನಲ್ಲಿ ಮಾತು ನಿಲ್ಲಿಸುತ್ತಿದ್ದೆ. ಅಜ್ಜಿ ಪ್ರಾರ್ಥನೆ ಮಾಡ್ತಿದ್ದಾರೆ, ಗಲಾಟೆ ಬೇಡ ಎಂದು ಪುಟ್ಟಿಯ ಕೈ ಜೋಡಿಸುತ್ತಿದ್ದೆ.

"ಅಪ್ಪ, ಮಳೆಗಾಲದಲ್ಲಿ ಹತ್ತೊಂಬತ್ತನೇ ತಿರುವು ಕುಸಿದಿದೆ," ಎಂದೆ. "ಈಗ ಅಲ್ಲಿ ಕಬ್ಬಿಣದ ಸೇತುವೆ ಹಾಕಿದ್ದಾರೆ. ಒಂದೇ ಗಾಡಿ ಹೋಗೋ ಅಷ್ಟು ಅಗಲ. ನಿನ್ನ ಪದದಲ್ಲಿ ಅದಿಲ್ಲ."

"ಗೊತ್ತು ಬಿಡೇ."

"ನೋಡು, ಫೋಟೋ ಹಾಕಿದ್ದಾರೆ." ಫೋನನ್ನು ಅವರ ಮುಂದೆ ಹಿಡಿದೆ.

ಅಪ್ಪ ಫೋನನ್ನು ದೂರ ಹಿಡಿದು, ಹತ್ತಿರ ತಂದು, ತಲೆ ಸ್ವಲ್ಪ ಓರೆ ಮಾಡಿ ನೋಡಿದರು. "ಹ್ಞೂಂ. ಗಟ್ಟಿಯಾಗೇ ಇದೆ. ಬಸ್ಸೇ ಹೋಗುತ್ತೆ ಇದರ ಮೇಲೆ."

ನಾನು ತೋರಿಸುವಷ್ಟರಲ್ಲಿ ಬೆರಳು ಎಲ್ಲೋ ತಾಗಿ ಸೇತುವೆಯ ಫೋಟೋ ಸರಿದುಹೋಗಿ, ಮುಂದಿನ ಹಲ್ಲೆರಡು ಬಿದ್ದ ಪುಟ್ಟಿಯ ಮುಖ ಬಂದು ಕೂತಿತ್ತು.

ಅಮ್ಮ ಬಂದು ಅವರ ಕೈಯಿಂದ ಫೋನು ತೆಗೆದುಕೊಂಡಳು.

"ತೋರಿಸಬೇಡ," ಎಂದಳು ನನಗೆ. "ಅವರಿಗೆ ಕಾಣಲ್ಲ."

"ಯಾರು ಹೇಳಿದ್ದು ಕಾಣಲ್ಲ ಅಂತ? ಅಂಚೆಲ್ಲ ಚೆನ್ನಾಗೇ ಕಾಣುತ್ತೆ," ಎಂದರು ಅಪ್ಪ.

"ನಡುವೆ?"

ಅಪ್ಪ ಮತ್ತೆ ಬೂಟಿನ ಲೇಸಿಗೆ ಬಾಗಿದರು.

"ನಡುವೆ ಹೊಗೆ ತುಂಬಿದ ಹಾಗೆ," ಎಂದು ಅಮ್ಮನೇ ಮುಗಿಸಿದಳು. "ಕಣ್ಣಿನ ಡಾಕ್ಟರು ಎರಡು ವರ್ಷದ ಹಿಂದೆಯೇ ಹೇಳಿದ್ರು, ಹೋದದ್ದು ವಾಪಸು ಬರಲ್ಲ ಅಂತ. ನಿನಗೆ ಹೇಳಬೇಡ ಅಂದ್ರು ಇವರು. ಓಡಿಸೋದು ಬಿಟ್ರೆ ತಾನು ಉಳಿಯಲ್ಲ ಅಂದ್ರು. ನಾನು ಒಪ್ಪಿಕೊಂಡೆ."

"ಅಂದ್ರೆ ಕಾರಿನಲ್ಲಿ ನೀನು..."

"ರಸ್ತೆ ಹೇಳ್ತಿದ್ದೆ. ಎಡಕ್ಕೆ ಸೈಕಲ್ಲು. ಮುಂದೆ ಲಾರಿ. ಕೆಂಪು, ಇನ್ನೂ ಕೆಂಪು, ಈಗ ಹಸಿರು. ದೇವರ ಹೆಸರು ಹೇಳೋಕೆ ಎಲ್ಲಿತ್ತು ಪುರುಸೊತ್ತು?"

ಎರಡು ವರ್ಷ. ಹಿಂದಿನ ಸೀಟಿನಲ್ಲಿ ಕೈ ಮುಗಿದು ಕೂತ ಮಗು.

"ಏನಾಯ್ತು ಎರಡು ವರ್ಷದಲ್ಲಿ?" ಎಂದು ಅಪ್ಪ ದನಿ ಏರಿಸಿದರು. "ಏನಾದ್ರೂ ಆಯ್ತಾ?"

"ಹೋದ ತಿಂಗಳು ಮಾರುಕಟ್ಟೆ ಹತ್ತಿರ ಆಯ್ತಲ್ಲ." ಅಮ್ಮ ನನ್ನ ಕಡೆ ತಿರುಗಿದಳು. "ನಾವಿಬ್ಬರೇ ಇದ್ವಿ. ಚಿಕ್ಕಮ್ಮನ ಫೋನು ಬಂತು ಅಂತ ನಾನು ಚೀಲಕ್ಕೆ ಕೈ ಹಾಕಿದೆ. ಒಂದು ಉಸಿರು, ಅಷ್ಟೇ. ಬುಟ್ಟಿ ಹೊತ್ತ ಹೆಂಗಸೊಬ್ಬಳು ಕಾರಿನ ಕನ್ನಡಿ ತಗುಲಿ ಬಿದ್ದಳು. ಎದ್ದಳು, ಮೊಣಕೈ ಸುಲಿದಿತ್ತು. ಬೈದಳು. ನಾನು ಕಾಲಿಗೆ ಬೀಳೋದೊಂದು ಬಾಕಿ. ಇವರು ಕಾರಿನಲ್ಲೇ ಕೂತು, ಯಾರು, ಯಾರು ಅದು ಅಂತ ನನ್ನನ್ನೇ ಕೇಳ್ತಿದ್ರು."

ಪುಟ್ಟಿ ಕಂಬಳಿ ಹೊದ್ದುಕೊಂಡು ಬಾಗಿಲಿಗೆ ಬಂದು, "ಯಾವಾಗ ಹೊರಡೋದು?" ಎಂದಳು. ಸಾಕ್ಸು ಹಾಕ್ಕೋ ಹೋಗು ಎಂದೆ.

ಆಗಲೇ ಮತ್ತೆ ಚಿಕ್ಕಪ್ಪನ ಫೋನು. ಅಮ್ಮ ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಳು.

"ಹೊರಟ್ರಾ ಅತ್ತಿಗೆ?" ಅವರ ಹಿಂದೆ ಯಾವುದೋ ಯಂತ್ರ ಬೀಪ್ ಬೀಪ್ ಎನ್ನುತ್ತಿತ್ತು. "ಆಗಾಗ ಎಚ್ಚರ ಆಗ್ತಾಳೆ. ಅಕ್ಕ ಎಲ್ಲಿದ್ದಾಳೆ ಅಂತ ಕೇಳ್ತಾಳೆ. ಬೆಟ್ಟ ಹತ್ತಿದ್ದಾಳೆ, ಬಂದೇಬಿಟ್ಟಳು ಅಂತ ಹೇಳಿದ್ದೀನಿ. ಸರಿ ತಾನೇ?"

ಅಮ್ಮ ಎರಡು ಕೈಯನ್ನೂ ಮೇಜಿನ ಮೇಲೆ ಊರಿ ನಿಂತಿದ್ದಳು. "ಬರ್ತಿದ್ದೀವಿ ಅಂತ ಹೇಳಿ," ಎಂದಳು. ಬೆಟ್ಟದ ಮಾತು ಎತ್ತಲಿಲ್ಲ.

ಫೋನು ಆರಿತು. ನಾನು ಲೆಕ್ಕ ಹಾಕಿದೆ. ಒಂದು ಗಂಟೆಗೆ ಹೊರಟರೆ ಬಯಲಿನಲ್ಲಿ ನಾಳೆ ಬೆಳಿಗ್ಗೆ ಎಂಟು. ಅದೂ ನಾನು ಎಲ್ಲೂ ನಿಲ್ಲಿಸದೆ ಓಡಿಸಿದರೆ. ಬೆಟ್ಟದಲ್ಲಾದರೆ ಇವತ್ತು ರಾತ್ರಿ ಹನ್ನೊಂದು. ಈ ಲೆಕ್ಕ ಅಮ್ಮನಿಗೆ ನನಗಿಂತ ಮೊದಲೇ ಗೊತ್ತಿತ್ತು. ಅವಳು ನೀರಿನ ಬಾಟಲಿಗಳನ್ನು ತುಂಬಿಸಿ, ಒಂದೊಂದರ ಮುಚ್ಚಳವನ್ನೂ ಬಿಗಿಯಾಗಿ ತಿರುವಿ ಚೀಲಕ್ಕೆ ಹಾಕಿದಳು.

"ಬೆಳಿಗ್ಗೆ ಎಂಟಕ್ಕೆ ಹೋದ್ರೆ ಅವಳು ಇರ್ತಾಳೆ ಅಂತ ಯಾರು ಬರೆದುಕೊಟ್ಟಿದ್ದಾರೆ?" ಎಂದರು ಅಪ್ಪ. ದನಿ ಇಳಿದಿತ್ತು. ಮೇಜನ್ನು ಸವರುತ್ತಾ ಅಮ್ಮನ ಹತ್ತಿರ ಬಂದು, ಅವಳ ಸೆರಗಿನ ತುದಿಯನ್ನು ಹಿಡಿದುಕೊಂಡರು. ಅಪ್ಪ ಯಾರ ಬಳಿಯೂ ಬೇಡಿದ್ದನ್ನು ನಾನು ನೋಡಿದವಳಲ್ಲ.

"ಕೇಳು ಇಲ್ಲಿ. ನಿನ್ನ ತಂಗಿ ಕಣೇ ಅವಳು. ಮುಖ ನೋಡೋದು ಬೇಡ್ವಾ? ಬೆಟ್ಟ ನನ್ನ ಕೈಯಲ್ಲಿದೆ. ಆ ಸೇತುವೆ ಒಂದನ್ನ ನೀನು ಹೇಳು, ಉಳಿದದ್ದು ನಾನು ನೋಡ್ಕೋತೀನಿ. ಪಕ್ಕದಲ್ಲಿ ಕೂತ್ಕೊಂಡು ಹೇಳ್ತಾ ಬಾ. ಇದೊಂದು ಸಲ. ಮತ್ತೆ ಜನ್ಮದಲ್ಲಿ ಕೇಳಲ್ಲ."

ಅಮ್ಮ ಕಣ್ಣೊರೆಸಿಕೊಳ್ಳಲೂ ಕೈ ಎತ್ತಲಿಲ್ಲ. ಅವರ ಬೆರಳುಗಳಿಂದ ಸೆರಗನ್ನು ಮೆಲ್ಲಗೆ ಬಿಡಿಸಿಕೊಂಡು, ಮೇಜಿನ ಮೇಲಿದ್ದ ಕಾರಿನ ಕೀಲಿಯನ್ನು ನನ್ನ ಕಡೆ ಸರಿಸಿದಳು.

"ಇಲ್ಲ," ಎಂದಳು. "ನಾನು ಹೇಳಲ್ಲ."