ನಿಂತು ಹಾಡದ ದ್ರಾಕ್ಷಾಯಣಿ

ದ್ರಾಕ್ಷಾಯಣಿ ನಡೆಯುತ್ತಿರಲಿಲ್ಲ, ಧಾವಿಸುತ್ತಿದ್ದಳು. ಕೂರಲೇಬೇಕಾಗಿ ಬಂದಾಗ ದೇಹವನ್ನು ಕುರ್ಚಿಗೊಪ್ಪಿಸಿ ಪಾದಗಳನ್ನು ಮಾತ್ರ ಪಯಣಕ್ಕೆ ಕಳಿಸುತ್ತಿದ್ದಳು. ಸ್ಯಾನ್ ಡಿಯಾಗೋದ ಯೂನಿವರ್ಸಿಟಿ ಸಿಟಿ ಬಡಾವಣೆಯ ಅಪಾರ್ಟ್‌ಮೆಂಟಿನಲ್ಲಿ ಅವಳ ಜೊತೆಗಿದ್ದ ಬೆಂಗಳೂರಿನ ಅಪೇಕ್ಷಾಗೆ, ಈ ಧಾರವಾಡದ ಅಕ್ಕ ಕೂತು ಚಹಾ ಕುಡಿದದ್ದೇ ನೆನಪಿಲ್ಲ. ಸಮುದ್ರಜೀವಿಗಳ ಸಂಶೋಧನೆಗೆಂದು ಮೊದಲು ಫ್ರಾನ್ಸಿನಲ್ಲಿದ್ದಾಗ ಅಲ್ಲಿಯ ರಾಕ್ ತಂಡವೊಂದರಲ್ಲಿ ಹಾಡಿ, ಆ ಭಾಷೆಯನ್ನು ವ್ಯಾಕರಣಕ್ಕಿಂತ ಮುಂಚೆ ಕಂಠದಿಂದ ಕಲಿತವಳು. ಮೊಣಕೈ ಸವೆದ ಕರಿಯ ಚರ್ಮದ ಕೋಟೊಂದು ಅಲ್ಲಿಂದಲೇ ಬಂದಿತ್ತು, ಇಲ್ಲಿಯ ಬಿಸಿಲಿನಲ್ಲೂ ಮೈಮೇಲಿಂದ ಇಳಿಯುತ್ತಿರಲಿಲ್ಲ.

೨೦೧೪ರ ಬೇಸಿಗೆಯಲ್ಲಿ, ಲಾಸ್ ಏಂಜಲೀಸಿನಲ್ಲಿ ಸಣ್ಣ ಚಿತ್ರವೊಂದಕ್ಕೆ ಸಂಗೀತ ಕೊಡುತ್ತಿದ್ದ ಅಪೇಕ್ಷಾಳ ಅಣ್ಣ ಮನೋಜ್, ಅದರ ಫ್ರೆಂಚ್ ರಾಕ್ ಹಾಡನ್ನು ಹಾಡಲು ದ್ರಾಕ್ಷಾಯಣಿಯನ್ನು ಅಲ್ಲಿಯ ಚಾಟ್ಸ್‌ವರ್ತ್‌ನ ಸ್ಟುಡಿಯೋಗೆ ಕರೆದ. ಮೈಕಿನೆದುರು ಅಲುಗಾಡದೆ ನಿಂತಾಗ ಹಾಡು ಶಾಲೆಯ ಪ್ರಾರ್ಥನೆಯಂತಾಯಿತು. ಅಲುಗಾಡಿದರೆ ಮನೋಜ್ ತಡೆಯುತ್ತಿದ್ದ.

“ಪ್ಲೀಸ್, ಒಂದೇ ಕಡೆ ನಿಂತ್ಕೊಳ್ಳಿ. ಓಡಾಡಿದ್ರೆ ವಾಯ್ಸ್ ಮಿಸ್ ಆಗತ್ತೆ.”

“ಕಾಲು ಕಟ್ಟಿದ್ರ ನನ್ನ ದನೀನೂ ಕುಂದರತೈತ್ರಿ. ಮೈಕ್ ಕೈಯಾಗ ಕೊಡ್ರಿ.”

ಮೈಕು ಕೈಗೆ ಬಂದದ್ದೇ ತಡ, ಊರು ಬಿಟ್ಟು ಹೊರಟ ಹೆಣ್ಣೊಬ್ಬಳ ಆ ಹಾಡನ್ನು ಕೋಣೆಯ ಉದ್ದಗಲ ತಿರುಗುತ್ತ ಹಾಡಿದಳು; ಪದಗಳು ಗಂಟಲ ಬುಡವನ್ನು ಕೆರೆದುಕೊಂಡು ಬಂದವು, ಬೂಟಿನ ಸದ್ದೂ ಅವುಗಳ ಜೊತೆ ಸೇರಿಕೊಂಡಿತು. ಮನೋಜ್ ಅದನ್ನು ಅಳಿಸಲಿಲ್ಲ. ಆಮೇಲೆ ತಲೆ ತಗ್ಗಿಸಿ ಹೇಳಿದ: ಹಾಡು ನಾಯಕಿಯ ಹೆಸರಿನಲ್ಲೇ ಬರಬೇಕೆಂದು ನಿರ್ಮಾಪಕರು ಬಯಸಿದ್ದಾರೆ.

“ದನಿ ನಂದು, ಹೆಸರು ಆಕೀದು? ಹಂಗಾದ್ರ ಆಕೀನೇ ಹಾಡ್ಲಿ. ಅಳಿಸ್ರಿ ಇದನ್ನ.”

ಹೀಗೆಂದು ಹೊರಬಿದ್ದವಳು, ಕಾದ ಕಾವಲಿಯಂತಿದ್ದ ಪಾರ್ಕಿಂಗ್ ಲಾಟಿನಲ್ಲಿ ಸುತ್ತತೊಡಗಿದಳು. ಇಂಥ ಅವಕಾಶ ಮತ್ತೆ ಬಾರದೆಂದು ಅವಳಿಗೆ ಗೊತ್ತಿತ್ತು. ಆದರೂ ಬಾಗಿಲತ್ತ ತಿರುಗಲಿಲ್ಲ. ಒಳಗೆ ಮನೋಜ್ ಫೋನಿನಲ್ಲಿ ನಿರ್ಮಾಪಕರೊಡನೆ ಜಗಳಾಡಿ, ದ್ರಾಕ್ಷಾಯಣಿಯ ಹೆಸರಿಲ್ಲದಿದ್ದರೆ ತನ್ನದೂ ಬೇಡವೆಂದು ಹಟ ಹಿಡಿದು ಒಪ್ಪಿಸಿ ಬರುವ ಹೊತ್ತಿಗೆ, ಅವಳು ಕೋಟಿನೊಳಗೆ ಬೆವರಿ ನೀರಾಗಿದ್ದಳು.

ಮರುವರ್ಷ ಲಾಂಗ್ ಬೀಚಿನ ಪುಟ್ಟ ಥಿಯೇಟರಿಗೆ ಚಿತ್ರ ಬಂತು. ತನ್ನ ಹಾಡು ಮುಗಿಯುವ ತನಕ ಉಸಿರು ಬಿಗಿಹಿಡಿದಿದ್ದ ದ್ರಾಕ್ಷಾಯಣಿ, ಮುಗಿದೊಡನೆ ಎದ್ದು ಹೊರಗೆ ಹೋದಳು. ಚಿತ್ರದ ಕೊನೆಗೆ ಅಪೇಕ್ಷಾ ಬಾಗಿಲಿಗೆ ಓಡಿಬಂದಳು.

“ಅಕ್ಕಾ, ಬೇಗ ಬನ್ನಿ, ನಿಮ್ಮ ಹೆಸರು ಬರ್ತಿದೆ!”

“ನೀ ನೋಡು. ನಾ ಕೇಳೀನಲ್ಲ, ಸಾಕು,” ಎನ್ನುತ್ತ ಅವಳು ಕಾರಿಡಾರಿನ ಆ ತುದಿಗೆ ನಡೆದೇ ಬಿಟ್ಟಳು.

ತಮ್ಮದಾಗಬೇಕಾದುದಕ್ಕಾಗಿ ಜಗತ್ತಿನೊಡನೆ ಕಾದಾಡಿ, ದಕ್ಕಿದ ಮೇಲೆ ಅದರ ನೆರಳಿನಲ್ಲಿ ಕ್ಷಣಕಾಲವೂ ಕೂರಲಾರದ ಜೀವಗಳಿವೆ. ಚಂಚಲರೆಂದು ಅವರನ್ನು ಜರಿಯುವವರು, ಅವರು ಎಲ್ಲಿ ಕಾಲೂರಿ ನಿಂತಿದ್ದರೆಂಬುದನ್ನು ಗಮನಿಸಿರುವುದಿಲ್ಲ.