ಬಿಸಿಲು ಕಂಡ ಔಷಧಿ

ನಮ್ಮ ದೊಡ್ಡಮಲ್ಲಮ್ಮತ್ತೆಗೆ ಬಿಸಿಲಿನ ಮೇಲೆ ಇದ್ದ ನಂಬಿಕೆ ಗಂಡನ ಮೇಲೂ ಇರಲಿಲ್ಲ. ಬಿತ್ತನೆ ಜೋಳ, ಸಂಡಿಗೆ, ನಿಂಬೆ ಉಪ್ಪಿನಕಾಯಿ, ಹಾಸಿಗೆ, ಎಲ್ಲವೂ ಬಿಸಿಲು ಕಾಣಲೇಬೇಕು. ಬಿಸಿಲು ಕಂಡದ್ದು ಕೆಡುವುದಿಲ್ಲ ಎನ್ನುವುದು ಅವಳ ಶಾಸ್ತ್ರ.

ಐವತ್ತೈದನೇ ಇಸವಿಯ ಬೇಸಿಗೆಯಲ್ಲಿ ಅವಳ ಮಗ ಮರಿಮಲ್ಲಪ್ಪನಿಗೆ ಕಣ್ಣುಬೇನೆ ಬಂತು. ಬರುವ ಸೋಮವಾರ ಹರದನಹಳ್ಳಿಗೆ ಹೆಣ್ಣು ನೋಡಲು ಹೋಗಬೇಕು. ಆ ಹುಡುಗಿಯನ್ನು ಸಂತೆಯಲ್ಲಿ ಒಮ್ಮೆ ಕಂಡು ಅವನು ಆಗಲೇ ಮನಸ್ಸು ಕೊಟ್ಟು ಕೂತಿದ್ದ. ಗುಂಡ್ಲುಪೇಟೆಯ ಡಾಕ್ಟರು ಹೊಸದಾಗಿ ಬಂದಿದ್ದ ಕಣ್ಣಿನ ಹನಿಯನ್ನು ಕಂದು ಸೀಸೆಗೆ ಹಾಕಿ, ಕಪ್ಪು ಕಾಗದ ಸುತ್ತಿ, ಕತ್ತಲಲ್ಲಿಡಿ ಎಂದು ಕೊಟ್ಟರು. ಮದುವೆ ಮಾತಾಡುವ ಮನೆಗೆ ಕಪ್ಪು ಕಾಗದವೇ! ಅತ್ತೆ ಅದನ್ನು ಕಿತ್ತು ಒಲೆಗೆ ಹಾಕಿ, ಔಷಧಿಯನ್ನು ತೊಳೆದ ಬಿಳಿ ಸೀಸೆಗೆ ಸುರಿದು, ಉಪ್ಪಿನಕಾಯಿ ಭರಣಿಯ ಪಕ್ಕ ಬಿಸಿಲಿಗೆ ಇಟ್ಟಳು. ದಿನಾ ಸಂಜೆ ಅದನ್ನೇ ಮಗನ ಕಣ್ಣಿಗೆ ಬಿಟ್ಟಳು.

ಸೋಮವಾರ ಮರಿಮಲ್ಲಪ್ಪನ ಕಣ್ಣು ಕೆಂಡ. ಹರದನಹಳ್ಳಿಯಲ್ಲಿ ಕೈಕಾಲು ತೊಳೆಯಲು ನೀರು, ಒರೆಸಲು ಮನೆಯವರೆಲ್ಲ ಬಳಸುವ ಟವಲು ಕೊಟ್ಟರು. ಅವನು ಅದರಲ್ಲಿ ಮೊದಲು ಕಣ್ಣೊರೆಸಿಕೊಂಡ. ಹುಡುಗಿಯ ಅಪ್ಪ ಚಿಕ್ಕಮಲ್ಲಪ್ಪ ಬಲು ಕಟ್ಟುನಿಟ್ಟಿನವನು. ಆ ಕಣ್ಣು ನೋಡಿದ್ದೇ, "ಕುಡುಕುನ್ಗೆ ಮಗಳ್ನ ಕೊಡಾಕಿಲ್ಲ" ಎಂದು ಉಪ್ಪಿಟ್ಟು ಬರುವ ಮೊದಲೇ ಎದ್ದುಬಿಟ್ಟ. ಹೆಂಡದ ವಾಸನೆಗೂ ದೂರವಿದ್ದ ಹುಡುಗ, ಪಾಪ, ಬಸ್ಸಿನಲ್ಲಿ ಅತ್ತ.

ಅತ್ತೆ ನೆಟ್ಟಗೆ ಹೋಗಿ ಡಾಕ್ಟರ ಮುಂದೆ ಸೀಸೆ ಕುಕ್ಕಿದಳು. "ಏನ್ ಸ್ವಾಮಿ, ಔಸ್ದಿ ಅಂತ ಬಾವಿ ನೀರು ಕೊಟ್ರಾ?"

"ಬಿಸಿಲಲ್ಲಿ ಇಟ್ಟಿದ್ರಾ ತಾಯಿ?"

"ಮಡಗ್ದೆ ಇರ್ತೀನಾ? ಕೆಟ್ಟೋದ್ರೆ?"

"ಇಟ್ಟಿದ್ದಕ್ಕೇ ಕೆಟ್ಟಿದ್ದು. ಬಿಸಿಲಲ್ಲಿ ಕಣ್ಣಿಗೆ ಕಾಣದ ಒಂದು ಕಿರಣ ಇದೆ. ನೀರಲ್ಲಿ ಕರಗಿದ ಔಷಧೀನ ಅದು ಒಡೆದು ಹಾಕುತ್ತೆ. ಒಡೆದ ಮೇಲೆ ಔಷಧಿ ರೋಗದ ಕ್ರಿಮಿ ಕೊಲ್ಲಲ್ಲ. ಕಂದು ಸೀಸೆ, ಕಪ್ಪು ಕಾಗದ ಎಲ್ಲಾ ಅದನ್ನ ತಡೆಯೋಕೆ."

"ಕಣ್ಗೆ ಕಾಣ್ದೇ ಇರೋದು ನಿಮ್ಗೆಂಗ್ ಕಾಣ್ತು?"

ಡಾಕ್ಟರು ಕಪ್ಪು ಕಾಗದ ಸುತ್ತಿದ ಹೊಸ ಸೀಸೆ ಕೊಟ್ಟರು. ಅತ್ತೆ ಗೊಣಗುತ್ತಲೇ ಅದನ್ನು ರಾಗಿ ತುಂಬುವ ಮಣ್ಣಿನ ವಾಡೆಯೊಳಗೆ ಕತ್ತಲಲ್ಲಿ ಇಟ್ಟಳು. ವಾರದೊಳಗೆ ಕಣ್ಣು ತಿಳಿಯಾಯಿತು. ಆದರೆ ಇನ್ನು ಯಾರಿಗೆ ತೋರಿಸುವುದು? ಮರಿಮಲ್ಲಪ್ಪ ಊಟವನ್ನೇ ಬಿಟ್ಟ.

ಅಂಥ ಒಂದು ಬೆಳಿಗ್ಗೆ ಬಾಗಿಲಲ್ಲಿ ಚಿಕ್ಕಮಲ್ಲಪ್ಪ ನಿಂತಿದ್ದ. ಎರಡೂ ಕಣ್ಣು ಕೆಂಪು, ನೀರು ಸುರಿಯುತ್ತಿತ್ತು.

"ನಂಗೆ, ನಮ್ಮನೆಯೋಳ್ಗೆ, ಮಗಳ್ಗೆ, ಎಲ್ಲಾರ್ಗೂ ಇಂಗೇ ಆಗದೆ ಕಣವ್ವ. ಊರೋರು ನನ್ನೇ ಕುಡುಕ ಅಂತಾವ್ರೆ." ತಲೆ ತಗ್ಗಿಸಿದ. "ಎಂಡದ ಕೆಂಪು ಒಬ್ರಿಂದ ಒಬ್ರಿಗೆ ಅಂಟಾಕಿಲ್ಲ, ಈಗ ಗೊತ್ತಾಯ್ತು. ನಿಮ್ಮುಡುಗುನ್ ಕಣ್ಗೆ ಬಿಟ್ಟ ಔಸ್ದಿ ವಸಿ ಕೊಡು, ಬೀಗ್ತಿ."