ಅಂಗಿಯ ತಪ್ಪಲ್ಲ

ನಮ್ಮ ಬೀದಿಯಲ್ಲಿ ಎಲ್ಲರೂ ಅವರನ್ನು ದರ್ಜಿ ಮಾವ ಎಂದೇ ಕರೆಯುತ್ತೇವೆ. ತಲೆ ಪೂರ್ತಿ ಬೆಳ್ಳಗಾದರೂ ಕೈಯ ಹೊಲಿಗೆ ಒಂದಿಷ್ಟೂ ಸೊಟ್ಟಗಾಗಿಲ್ಲ. ಅಂಗಡಿಯಿಂದ ಮನೆಗೆ ಏರುದಾರಿ. ಕೆಲವು ತಿಂಗಳಿಂದ ಆ ಏರು ಹತ್ತುವಾಗ ಅವರಿಗೆ ಎದೆ ಬಿಗಿದ ಹಾಗಾಗುತ್ತಿತ್ತು. ಸ್ವಲ್ಪ ನಿಂತರೆ ಹೋಗುತ್ತಿತ್ತು. ಬೇರೆಯವರಾಗಿದ್ದರೆ ವಯಸ್ಸಾಯಿತು ಎನ್ನುತ್ತಿದ್ದರು. ಇವರು ದರ್ಜಿಯಲ್ಲವೇ, ಅಂಗಿ ಬಿಗಿಯಾಯಿತು ಎಂದುಕೊಂಡರು. ಪಕ್ಕದ ಹೊಲಿಗೆ ಬಿಚ್ಚಿ, ಅಗಲ ಮಾಡಿ ಮತ್ತೆ ಹೊಲಿದರು. ಆದರೂ ಎದೆ ಬಿಗಿಯಿತು. ಇನ್ನೊಂದು ಅಂಗಿ ಬಿಚ್ಚಿದರು.

ಒಗೆದ ಬಟ್ಟೆ ಮಡಿಸುವಾಗ ಅದು ಅವರ ಹೆಂಡತಿಯ ಕಣ್ಣಿಗೆ ಬಿತ್ತು.

"ಏನ್ರೀ ಇದು? ಇರೋ ಅಂಗೀನೆಲ್ಲ ಅಗಲ ಮಾಡಿದ್ದೀರಲ್ಲ! ಗಾಳಿ ಬಂದ್ರೆ ಹಾರಿಹೋಗೋ ಹಾಗಿದ್ದೀರಿ, ದಪ್ಪ ಎಲ್ಲಿ ಆಗಿದ್ದೀರಿ?"

"ಏರು ಹತ್ತುವಾಗ ಎದೆ ಹತ್ರ ಹಿಡಿಯುತ್ತೆ ಕಣೇ."

ಆಕೆ ಮಡಿಸುತ್ತಿದ್ದ ಬಟ್ಟೆ ಬಿಟ್ಟು ಎದ್ದರು. ಗಂಡನ ಅಣ್ಣನೂ ಹೀಗೆಯೇ, ಎದೆ ಹಿಡಿಯುತ್ತೆ ಎಂದು ಮೆಟ್ಟಿಲ ಮೇಲೆ ಕೂತವರು ಮತ್ತೆ ಏಳಲಿಲ್ಲ. ಆಕೆ ತಡಮಾಡದೆ ಪಕ್ಕದ ಮನೆಯ ನರ್ಸನ್ನು ಜೊತೆಗೆ ಕರೆದುಕೊಂಡು, ಗಂಡನನ್ನು ಡಾಕ್ಟರ ಬಳಿ ಕರೆದೊಯ್ದರು. ಮಲಗಿಸಿ ಇಸಿಜಿ ತೆಗೆದರು. ಅದರಲ್ಲಿ ಏನೂ ಕಾಣಲಿಲ್ಲ. ಆದರೂ ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಲೇಬೇಕು ಎಂದರು ಡಾಕ್ಟರು.

ಮನೆಗೆ ಬಂದ ಮೇಲೆ ಮಾವ ಸಿಡುಕಿದರು. "ಎಲ್ಲ ಸರಿ ಇದೆ ಅಂತ ಬಂತಲ್ಲ, ಮತ್ತೆ ಇದ್ಯಾಕೆ? ಈ ವಯಸ್ಸಲ್ಲಿ ಓಡಿಸಿ ಇರೋ ಉಸಿರೂ ನಿಲ್ಲಿಸ್ತೀರಾ?"

"ಓಡೋದಲ್ಲ ಮಾವ, ನಡೆಯೋದು," ಎಂದಳು ನರ್ಸ್. "ಎದೆಗೆ ವೈರ್ ಅಂಟಿಸಿರ್ತಾರೆ. ಕಾಲಡಿಯ ಪಟ್ಟಿ ಮೊದಲು ನಿಧಾನ, ಆಮೇಲೆ ಸ್ವಲ್ಪ ಸ್ವಲ್ಪ ವೇಗ, ಸ್ವಲ್ಪ ಏರು. ಆಗಾಗ ಬಿಪಿ ನೋಡ್ತಾರೆ. ಡಾಕ್ಟರು ಅಲ್ಲೇ ಇರ್ತಾರೆ. ನೋವು ಬಂತು ಅಂದ್ರೆ ನಿಲ್ಲಿಸಿಬಿಡ್ತಾರೆ."

"ಮಲಗಿದ್ದಾಗ ಕಾಣದೇ ಇದ್ದದ್ದು ನಡೆದ್ರೆ ಕಾಣುತ್ತಾ?"

ನರ್ಸ್ ಬಾಯಿ ತೆರೆಯುವ ಮೊದಲೇ ಹೆಂಡತಿ ಶುರುಮಾಡಿದರು. "ಕೋಟು ಹೊಲಿದಾಗ ಗಿರಾಕೀನ ಸುಮ್ಮನೆ ನಿಲ್ಲಿಸಿ ನೋಡಿ ಕಳಿಸ್ತೀರಾ? ಕೈ ಎತ್ತಿ, ಬಗ್ಗಿ, ನಡೀರಿ ಅಂತ ಪ್ರಾಣ ಹಿಂಡ್ತೀರಿ. ನಿಂತಾಗ ಸರಿ ಇದ್ದದ್ದು ಕೈ ಎತ್ತಿದ್ರೆ ಕಂಕುಳಲ್ಲಿ ಹಿಡಿಯುತ್ತೆ ಅಂತ ನೀವೇ ಹೇಳೋದು. ಯಾರದೋ ಕೋಟಿಗೆ ಅಷ್ಟು ಜೋಪಾನ. ನನ್ನ ಗಂಡನ ಎದೆಗೆ ಬೇಡ್ವಾ?"

ಡಾಕ್ಟರು ಹೇಳಿದ ದಿನ ಮಾವ ಆಸ್ಪತ್ರೆಗೆ ಹೋದರು.

ಪಟ್ಟಿ ಏರುತ್ತಿದ್ದಂತೆ ಅದೇ ಬಿಗಿತ ಬಂತು. ಮಾವನ ಕೈ ಗುಂಡಿ ಬಿಚ್ಚಲು ತಾನಾಗಿಯೇ ಎದೆಗೆ ಹೋಯಿತು. ಅಲ್ಲಿ ಗುಂಡಿಯಿಲ್ಲ, ಬರೀ ವೈರುಗಳು. ಪರೀಕ್ಷೆಗೆಂದು ಅಂಗಿಯನ್ನು ಮೊದಲೇ ಕಳಚಿಸಿದ್ದರು. ದೂರಲು ಅಂಗಿಯೇ ಇಲ್ಲ ಎಂದು ತಿಳಿದಾಗ ಅವರಿಗೆ ನಿಜಕ್ಕೂ ಭಯವಾಯಿತು.

ಡಾಕ್ಟರು ಕೂಡಲೇ ಯಂತ್ರ ನಿಲ್ಲಿಸಿದರು. ಮುಂದಿನ ಪರೀಕ್ಷೆಯಲ್ಲಿ ಹೃದಯದ ರಕ್ತನಾಳ ಕಟ್ಟಿಕೊಂಡಿರುವುದು ಗೊತ್ತಾಯಿತು. ಸಕಾಲಕ್ಕೆ ಚಿಕಿತ್ಸೆ ಸಿಕ್ಕಿತು. ಮಾವ ಈಗ ಮಾತ್ರೆ ತಪ್ಪಿಸುವುದಿಲ್ಲ. ಸಡಿಲ ಮಾಡಿದ ಅಂಗಿಗಳನ್ನೆಲ್ಲ ಮತ್ತೆ ಅಳತೆಗೆ ಹೊಲಿಯುತ್ತ ಒಂದು ದಿನ ಹೆಂಡತಿಗೆ ಹೇಳಿದರು: "ಅಣ್ಣನಿಗೂ ಯಾರಾದ್ರೂ ಹೀಗೆ ಜೋರು ಮಾಡಿದ್ದಿದ್ರೆ..."

ಬಂಧುಗಳೇ, ನಿಮ್ಮ ಮನೆಯ ಹಿರಿಯರನ್ನು ಇವತ್ತೇ ಕೇಳಿ. ಮೆಟ್ಟಿಲು, ಏರು ಹತ್ತುವಾಗ ಎದೆ ಬಿಗಿಯುತ್ತದೆಯೇ? ಉಸಿರು ಕಟ್ಟುತ್ತದೆಯೇ? ಹೌದೆಂದರೆ ಡಾಕ್ಟರಿಗೆ ತೋರಿಸಿ. ಯಾವ ಪರೀಕ್ಷೆ ಬೇಕೆಂದು ಅವರು ಹೇಳುತ್ತಾರೆ. ನೀವಾಗಿಯೇ ಓಡಿಸಿ ನೋಡಬೇಡಿ. ಸುಮ್ಮನೆ ಕೂತಾಗಲೂ ಎದೆ ನೋವು ಬಂದರೆ ಯಾವ ಪರೀಕ್ಷೆಗೂ ಕಾಯದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಹೊಲಿಗೆ ಬಿಚ್ಚಿದರೆ ಅಂಗಿ ಸಡಿಲಾದೀತು, ಎದೆ ಸಡಿಲಾಗುವುದಿಲ್ಲ.